ಹಳೇ ಡ್ರೈವರನ್ನು ಇಳಿಸುವುದು

ನಮ್ಮ ಕಡೆ ಡ್ರೈವರ್ ಅಂದ್ರೆ ಒಬ್ಬ ಮನುಷ್ಯ. ಅವನಿಗೆ ಒಂದು ಖಾಕಿ ಅಂಗಿ, ಹೆಗಲ ಮೇಲೆ ಒಂದು ಟವೆಲ್ಲು, ಕಿವಿಯ ಸಂದಿಯಲ್ಲಿ ಸಂಡೂರಿನ ಕೆಂಪು ಧೂಳು ಇರುತ್ತದೆ. ಅವನು ಬಂದರೆ ಲಾರಿ ಹೋಗುತ್ತದೆ, ಬರದಿದ್ದರೆ ನಿಲ್ಲುತ್ತದೆ. ಹೊಸಪೇಟೆಯ ಅದಿರು ಲಾರಿ ಆಫೀಸೊಂದರಲ್ಲಿ ಕೂತು ಯಾವ ಗಾಡಿಗೆ ಯಾರು ಅಂತ ದಿನಾ ಡ್ಯೂಟಿ ಹಂಚುವ ನನಗೆ ಆ ಪದಕ್ಕೆ ಬೇರೆ ಅರ್ಥ ಗೊತ್ತಿರಲಿಲ್ಲ. ಗೊತ್ತಾಗುವ ಜರೂರೂ ಇರಲಿಲ್ಲ. ಆದರೆ ಮನುಷ್ಯ ಸುಮ್ಮನೆ ಇರಬೇಕಲ್ಲ!

ನನ್ನ ಮೇಜಿನ ಮೇಲೆ ಬಿದ್ದಿರುವ ಈ ಬೆರಳುದ್ದದ ಕಡ್ಡಿ ನೋಡ್ರಿ. ಮನೆಗೆ ಬಂದವರೆಲ್ಲ ಇದನ್ನು ಪೆನ್‌ಡ್ರೈವ್ ಅಂದುಕೊಂಡು, "ಇದ್ರಾಗ ಎಷ್ಟ್ ಸಿನಿಮಾ ಹಿಡಿತಾವ್ರಿ?" ಅಂತ ಕೇಳುತ್ತಾರೆ. ಒಂದೂ ಹಿಡಿಯುವುದಿಲ್ಲ. ಇದು ರೇಡಿಯೋ. ಹಾಗಂದ ಕೂಡಲೇ ಅವರು ನನ್ನನ್ನು ಒಂದು ಥರಾ ನೋಡಿ ಚಹಾ ಬೇಡ ಅಂದು ಎದ್ದು ಹೋಗುತ್ತಾರೆ. ನಿಮಗೆ ಆ ಅವಸರ ಇಲ್ಲ ಅಂತ ತಿಳಿದು ಹೇಳುತ್ತೇನೆ. ಹಿಂದಿನ ರೇಡಿಯೋದ ಹೊಟ್ಟೆಯೊಳಗೆ ತಂತಿ ಸುರುಳಿ, ಕಂಡೆನ್ಸರು, ಏನೇನೋ ಇರುತ್ತಿದ್ದವು. ಈಗ ಆ ಕೆಲಸವನ್ನೆಲ್ಲ ಕಂಪ್ಯೂಟರ್ರೇ ಲೆಕ್ಕ ಹಾಕಿ ಮಾಡುತ್ತದೆ. ಕಡ್ಡಿಯದು ಬರೀ ಗಾಳಿಯಲ್ಲಿ ಇದ್ದದ್ದನ್ನು ಹಿಡಿದು ಒಳಗೆ ಕೊಡುವ ಕೆಲಸ. ಲೆಕ್ಕ ಹಾಕುವ ತಂತ್ರಾಂಶ ಮುಕ್ತ ತಂತ್ರಾಂಶ. ಅಂದ್ರೆ ಯಾರು ಬೇಕಾದರೂ ತೊಗೋಬಹುದು, ಯಾರು ಬೇಕಾದರೂ ತಿದ್ದಬಹುದು, ಕೆಟ್ಟರೆ ಬೈಯೋಕೆ ಮಾತ್ರ ಯಾರೂ ಸಿಗುವುದಿಲ್ಲ.

ಯಾಕೆ ಬೇಕಿತ್ತು ಇದು ನಿನಗೆ ಅಂತೀರಿ. ನಮ್ಮನೆಯವರ ತಾಯಿ, ನಮ್ಮ ಅತ್ತಿಯೂ ಅದನ್ನೇ ಅಂದರು. ಅಪ್ಪನ ನೆನಪಾಗಿತ್ತು, ಅಷ್ಟೇ.

ನಾನು ಬೆಳೆದದ್ದು ದೋಣಿಮಲೈ ಕ್ವಾರ್ಟರ್ಸಿನಲ್ಲಿ. ಅಪ್ಪ ಗಣಿಯ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಮನೆಯಲ್ಲಿ ಒಂದು ದೊಡ್ಡ ರೇಡಿಯೋ ಇತ್ತು. ಅದಕ್ಕೆ ಅವ್ವ ಹೊಲಿದ ಹೂವಿನ ಗವಸು. ನಮಗೆ ಯಾರಿಗೂ ಅಷ್ಟು ಚೆಂದದ ಬಟ್ಟೆ ಇರಲಿಲ್ಲ. ಅಪ್ಪ ಕೆಲಸದಿಂದ ಬಂದು ಕೈ ತೊಳೆದವನೇ ಅದರ ಕಿವಿ ಹಿಂಡುತ್ತ ಕೂರುತ್ತಿದ್ದ. ಬರೀ ಸುಯ್ ಅನ್ನುವ ಸದ್ದು. ನಾವು ಬೇಸರದಿಂದ ಏಳಹೊರಟರೆ ಅಪ್ಪ ಕೈ ಎತ್ತಿ, "ತಡೀರಿ, ಬಂದ, ಬರಾಕತ್ತಾನ" ಅನ್ನುತ್ತಿದ್ದ. ನಮ್ಮಪ್ಪನಿಗೆ ರೇಡಿಯೋ ಸ್ಟೇಷನ್ನು 'ಅವನು'. ವರ್ಕ್‌ಶಾಪಿನ ಎಂಜಿನ್ನೂ 'ಅವನು'. ಬೋರಿನ ಮೋಟರೂ 'ಅವನು'. ಮಧ್ಯಾಹ್ನ ಗಣಿಯಲ್ಲಿ ಬ್ಲಾಸ್ಟಿಂಗ್ ಆದಾಗ ಅಲಮಾರಿ ನಡುಗಿ, ರೇಡಿಯೋದ ಮುಳ್ಳು ತಾನೇ ಸರಿದು, ಕನ್ನಡ ಹೋಗಿ ತೆಲುಗು ಬರುತ್ತಿತ್ತು. ಅವ್ವ ಅದನ್ನೇ ಕೇಳುತ್ತ ಅನ್ನಕ್ಕಿಡುತ್ತಿದ್ದಳು. ನಮ್ಮ ಮನೆಯವರಿಗೆ ತೆಲುಗು ಬಂದದ್ದು ಹಾಗೆ.

ಅಪ್ಪ ಹೋದ, ರೇಡಿಯೋನೂ ಹೋಯಿತು. ಆ ಸುಯ್ ಸದ್ದು ಮಾತ್ರ ನನಗೆ ಬೇಕಾಗಿತ್ತು. ವಯಸ್ಸಾದ ಹೆಂಗಸಿಗೆ ಇಂಥ ಆಸೆ ಬಂದರೆ ಹೇಳಿಕೊಳ್ಳಲು ಸಂಕೋಚ ಅಂತ, "ಆಫೀಸಿನ ಕೆಲಸಕ್ಕ" ಅಂದು ತರಿಸಿಕೊಂಡೆ.

ಮೊದಲು ಮನೆಯ ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿದೆ. ಈ ಕಡ್ಡಿ ಮೂಲದಲ್ಲಿ ಕಂಪ್ಯೂಟರಿನಲ್ಲಿ ಟಿವಿ ನೋಡಲಿಕ್ಕೆ ಅಂತ ಮಾಡಿದ್ದು. ಅದನ್ನು ರೇಡಿಯೋ ಮಾಡಿಕೊಳ್ಳಬಹುದು ಅಂತ ಯಾರೋ ಪುಣ್ಯಾತ್ಮರು ಆಮೇಲೆ ಕಂಡುಹಿಡಿದರು. ವಿಂಡೋಸಿಗೆ ಈ ಸುದ್ದಿ ಮುಟ್ಟಿರಲಿಲ್ಲ. ಅದು ಸಂತೋಷದಿಂದ ಟಿವಿಯ ಡ್ರೈವರನ್ನೇ ತಂದು ಕೂರಿಸಿತು. ಕಂಪ್ಯೂಟರ್ ಭಾಷೆಯಲ್ಲಿ ಡ್ರೈವರ್ ಅಂದ್ರೆ ಯಂತ್ರಕ್ಕೂ ಕಂಪ್ಯೂಟರಿಗೂ ಮಧ್ಯೆ ಕೂತು ನಡೆಸುವ ಚೂರು ತಂತ್ರಾಂಶ ಅಂತ ನನಗೆ ತಿಳಿದದ್ದು ಅವತ್ತೇ. ಆ ಡ್ರೈವರನ್ನು ತೆಗೆದು ಬೇರೆ ಹಾಕಲಿಕ್ಕೆ ಒಂದು ಸಣ್ಣ ಉಪಕರಣ ಇದೆ. ತೆರೆದರೆ ಅದರಲ್ಲಿ ಕಂಪ್ಯೂಟರಿಗೆ ಚುಚ್ಚಿದ್ದೆಲ್ಲದರ ಹೆಸರೂ ಸಾಲಾಗಿ ಬರುತ್ತದೆ. ಸರಿಯಾದ್ದನ್ನು ಆರಿಸಬೇಕು. ನಾನು ಆರಿಸಿದ್ದು ಮೌಸಿನ ಹೆಸರನ್ನು. ಒಂದು ಕ್ಲಿಕ್ಕಿಗೆ ಮೌಸ್ ರೇಡಿಯೋ ಆಗಲು ಒಪ್ಪಿಕೊಂಡು, ಮೌಸಾಗಿರುವುದನ್ನು ಬಿಟ್ಟಿತು. ಬಾಣ ಪರದೆಯ ನಡುವೆ ನಿಂತೇ ಹೋಯಿತು. ನಮ್ಮನೆಯವರು ತುಂಗಭದ್ರಾ ಡ್ಯಾಂನ ಕಾಲುವೆ ಆಫೀಸಿನವರು. ನಿಂತದ್ದನ್ನು ನೋಡಿ ಅವರಿಗೆ ಅಭ್ಯಾಸ. "ಮ್ಯಾಲಿಂದ ಬಿಟ್ಟಾಗ ಹರೀತೈತಿ ಬಿಡು" ಅಂದು ಮಲಗಿದರು.

ಆಂಟೆನಾದ ತಂತಿಯನ್ನು ಬುದ್ಧನ ಫೋಟೋದ ಮೊಳೆಗೆ ಸಿಕ್ಕಿಸಿದ್ದೆ. ಎತ್ತರದಲ್ಲಿ ಇದ್ದದ್ದು ಅದೊಂದೇ ಮೊಳೆ. ಅತ್ತಿಯವರಿಗೆ ಅದೂ ಸರಿಬರಲಿಲ್ಲ. "ಅವ್ರು ತಮ್ಮಷ್ಟಕ್ಕ ತಾವು ಕಣ್ಣು ಮುಚ್ಚಿ ಕುಂತಾರ. ಅವ್ರಿಗ್ಯಾಕ ವೈರು?" ಅಂದರು.

ಆಮೇಲೆ ಕಂಪ್ಲಿಗೆ ಹೋದೆ. ಅಲ್ಲಿ ನನ್ನ ತಮ್ಮ ಗೌತಮ ಮದುವೆ ಫೋಟೋ, ವಿಡಿಯೋ ಮಾಡುತ್ತಾನೆ. ಹಂಪಿಯ ಬಂಡೆಗಳ ಮೇಲೆ ಮದುಮಕ್ಕಳನ್ನು ಹತ್ತಿಸಿ, ಇಳಿಸುವ ಜವಾಬ್ದಾರಿ ಬೀಗರಿಗೆ ಬಿಡುವವನು. ಅವನ ಹತ್ತಿರ ಮ್ಯಾಕ್ ಕಂಪ್ಯೂಟರ್ ಇದೆ. ಮ್ಯಾಕ್‌ನಲ್ಲಿ ಡ್ರೈವರಿನ ರಗಳೆ ಇಲ್ಲ ಅಂತ ಎಲ್ಲೋ ಓದಿದ್ದೆ. ನಿಜ, ಡ್ರೈವರ್ ಮಾತೇ ಎತ್ತಲಿಲ್ಲ. ಆದರೆ ತಂತ್ರಾಂಶ ತೆರೆಯಲು ಹೋದರೆ, ಇದನ್ನು ಮಾಡಿದವರು ಯಾರೋ ಗುರ್ತಿಲ್ಲ, ತೆರೆಯುವುದಿಲ್ಲ ಅಂತ ಹಟ ಹಿಡಿಯಿತು. ಹೆಣ್ಣು ಕೊಡುವ ಮನೆಯವರು ಯಾವ ಊರು, ಯಾರ ಪೈಕಿ ಅಂತ ಕೇಳುವ ಹಾಗೆ ಕೇಳಿತು. ಸೆಟ್ಟಿಂಗ್ಸಿಗೆ ಹೋಗಿ, ನನ್ನ ಜವಾಬ್ದಾರಿ, ತೆರೀ ಅಂತ ಒಪ್ಪಿಸಿದೆ. ಒಪ್ಪಿ, ಇದಕ್ಕೆ ಜೊತೆಗೆ ಇನ್ನೂ ಕೆಲವು ತಂತ್ರಾಂಶ ಬೇಕು ಅಂದು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಲು ಶುರು ಮಾಡಿತು. ಅವಕ್ಕೆ ಮತ್ತೆ ಕೆಲವು ಬೇಕಾದವು. ಬೆಳಿಗ್ಗೆ ಹೋದವಳು ಊಟ ಮುಗಿಸಿ, ನಿದ್ದೆ ತೆಗೆದು ಎದ್ದರೂ ಇಳಿಯುತ್ತಲೇ ಇತ್ತು.

"ಯಕ್ಕಾ, ನಿನ್ ಕೈ ಮುಗಿತೀನಿ, ಇದ್ರಾಗ ನಿನ್ ಕಡ್ಡಿ ಆಡಸಬ್ಯಾಡ. ಇದ್ರಾಗ ಎಷ್ಟು ಮದಿವಿ ಅದಾವು ಗೊತ್ತೈತೇನು? ಒಂದು ಹೋದ್ರ ತಿರುಗಿ ಲಗ್ನ ಮಾಡಾಕ ಅವ್ರು ಬಾ ಅಂದ್ರ ಬರ್ತಾರೇನು?" ಅಂದ ಗೌತಮ.

ಪಾಪ, ಅವನು ಹೇಳಿದ್ದೂ ಖರೆ. ಅವನೇ ಒಂದು ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿ ಕೊಟ್ಟು, ಬಸ್ಸು ಹತ್ತಿಸಿದ.

ಲಿನಕ್ಸಿನ ಗುಣ ಬೇರೆ. ಅಲ್ಲಿ ರೇಡಿಯೋ ತಂತ್ರಾಂಶ ಒಂದು ಸಾಲು ಟೈಪ್ ಮಾಡಿದರೆ ಬಂದುಬಿಟ್ಟಿತು. ಆದರೆ ಕಡ್ಡಿ ಚುಚ್ಚಿದ ತಕ್ಷಣ ಆ ಟಿವಿಯ ಹಳೇ ಡ್ರೈವರ್ ಎಲ್ಲಿದ್ದನೋ ಓಡಿಬಂದು ಸೀಟು ಹಿಡಿಯುತ್ತಿದ್ದ. ಅವನು ಕೂತಿದ್ದರೆ ರೇಡಿಯೋಗೆ ಜಾಗ ಇಲ್ಲ. ಬಲ್ಲವರು ಬರೆದಿಟ್ಟ ಪರಿಹಾರ ಒಂದೇ: ಒಂದು ಕಡತದಲ್ಲಿ ಅವನ ಹೆಸರು ಬರೆದು ಬ್ಲ್ಯಾಕ್‌ಲಿಸ್ಟ್ ಮಾಡಬೇಕು. ಆಮೇಲೆ ಅವನು ಬರುವುದಿಲ್ಲ.

ಬ್ಲ್ಯಾಕ್‌ಲಿಸ್ಟ್ ಅನ್ನೋ ಮಾತು ನಮ್ಮ ಕಡೆ ಸುಮ್ಮನೆ ಆಡುವಂಥದಲ್ಲ. ನಮ್ಮ ಆಫೀಸಿನ ಬಾಗಿಲಿಗೆ ಆ ಪದವನ್ನು ಇಂಗ್ಲಿಷಿನಲ್ಲಿ ದಪ್ಪಗೆ ಬರೆದ ಹಾಳೆ ಅಂಟಿಸಿರುತ್ತದೆ. ಅದರಲ್ಲಿ ಹೆಸರು ಬಂದ ಡ್ರೈವರಿಗೆ ಸಂಡೂರಿನಿಂದ ಹೊಸಪೇಟೆವರೆಗೆ ಯಾರೂ ಸ್ಟೇರಿಂಗ್ ಕೊಡುವುದಿಲ್ಲ. ಹೆಸರು ಹಾಕುವವರು ಲಾರಿಗಳ ಮಾಲೀಕರಾದ ಸಾವ್ಕಾರರು. ನಾನು ಟೈಪ್ ಮಾಡುವವಳು ಮಾತ್ರ. ಆದರೆ ಡ್ರೈವರುಗಳ ಕಣ್ಣಿಗೆ ಬೀಳುವುದು ನನ್ನ ಕೈ. ಹಾಗಾಗಿ ಅವರಿಗೆ ನಾನೇ ಚಿತ್ರಗುಪ್ತ.

ಇಷ್ಟು ತಿಳಿದವಳು ಬಾಯಿ ಬಿಗಿಹಿಡಿಯಬೇಕಿತ್ತು. ಅವತ್ತು ಸಂಜೆ ಫೋನನ್ನು ಲೌಡ್‌ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ಎರಡೂ ಕೈಯಿಂದ ಟೈಪ್ ಮಾಡುತ್ತ ಗೌತಮನ ಜೊತೆ ಮಾತಾಡುತ್ತಿದ್ದೆ. ಲಾರಿ ಆಫೀಸಿನ ಗಂಟಲು ನನ್ನದು, ಮೆಲ್ಲಗೆ ಬರುವುದಿಲ್ಲ.

"ಈ ಹಳೇ ಡ್ರೈವರ್‌ದು ಭಾಳ ಆತಲೇ. ನಾ ಕರಿಯೋಕಿಂತ ಮುಂಚೇನ ಬಂದು ಕುಂತ್ಬಿಟ್ಟಿರ್ತಾನ. ಇಳಿ ಅಂದ್ರ ಇಳಿಯಂಗಿಲ್ಲ. ಇವ್ನು ಕುಂತಿರೋ ತನಕ ಹೊಸಾವ್ನಿಗೆ ಜಾಗಾನ ಇಲ್ಲ. ಇವತ್ತು ಬ್ಲ್ಯಾಕ್‌ಲಿಸ್ಟಿಗೆ ಹಾಕಿ ಕೈ ತೊಳ್ಕೊಂತೀನಿ."

"ಹಾಕಕ್ಕಾ, ಜಲ್ದಿ ಹಾಕು. ಕನಿಕರ ಗಿನಿಕರ ತೋರಸಬ್ಯಾಡ" ಅಂತು ಫೋನು.

ಬಾಗಿಲಲ್ಲಿ ಏನೋ ಸಪ್ಪಳಾಯಿತು. ತಿರುಗಿ ನೋಡಿದರೆ ಹುಲಿಗೆಮ್ಮ, ಕೈಯಲ್ಲಿ ಸಣ್ಣ ಬಟ್ಟಲು. ನಮ್ಮ ಓಣಿಯ ಕೊನೆಯ ಮನೆಯವಳು, ಮೊಸರಿಗೆ ಹೆಪ್ಪು ಕೇಳಲು ಬರುತ್ತಿರುತ್ತಾಳೆ. ಅವಳ ಗಂಡ ಈರಣ್ಣ ನಮ್ಮ ಆಫೀಸಿನ ಡ್ರೈವರು, ಇದ್ದವರಲ್ಲೆಲ್ಲ ಹಿರಿಯ. "ಬಾರಬೇ ಹುಲಿಗೆಮ್ಮಾ" ಅಂದೆ. ಅವಳು ನನ್ನ ಮುಖ ನೋಡಿದಳು, ಬಟ್ಟಲು ಸೆರಗಿನೊಳಗೆ ಮುಚ್ಚಿಕೊಂಡು ಹೋಗಿಬಿಟ್ಟಳು. ಮರೆತು ಬಂದಿರಬೇಕು ಅಂದುಕೊಂಡೆ. ಹೆಪ್ಪು ಕೇಳಲು ಬಂದವಳು ಹೆಪ್ಪನ್ನೇ ಹೇಗೆ ಮರೆಯುತ್ತಾಳೆ ಅಂತ ಹೊಳೆಯಲಿಲ್ಲ. ನನ್ನ ಕಣ್ಣು ಪರದೆಯ ಮೇಲಿತ್ತು.

ಹೆಸರು ಬರೆದೆ, ಮೆಷಿನ್ ಮತ್ತೆ ಶುರು ಮಾಡಿದೆ, ಕಡ್ಡಿ ಚುಚ್ಚಿದೆ. ಯಾರೂ ಬಂದು ಕೂರಲಿಲ್ಲ. ಪರದೆಯ ಮೇಲೆ ನೀಲಿ ಹಳದಿ ಗೆರೆಗಳು ಸುರಿಯತೊಡಗಿದವು. "ಡ್ಯಾಂ ಗೇಟ್ ಎತ್ತಿದಂಗ ಐತಲ್ಲ" ಅಂದರು ಅತ್ತಿ. ಆಮೇಲೆ ಬಂತು ನೋಡ್ರಿ, ಸುಯ್ ಅಂತ. ಅದೇ ಸದ್ದು. ನನಗೆ ಕಣ್ಣಲ್ಲಿ ನೀರು ಬಂತು. ಇನ್ನಷ್ಟು ಸರಿಸಿದೆ. ಸುಯ್ ಹೋಗಿ, ಮೆಣಸಿನಕಾಯಿಗೆ ಬರುವ ರೋಗದ ಬಗ್ಗೆ ಒಬ್ಬರು ಮಾತಾಡುತ್ತಿದ್ದರು. ಪಕ್ಕದ ಕಿರಾಣಿ ಅಂಗಡಿಯ ರೇಡಿಯೋದಲ್ಲೂ ಅವರೇ ಮಾತಾಡುತ್ತಿದ್ದರು, ಇನ್ನೂ ಸ್ವಚ್ಛವಾಗಿ.

ಮರುದಿನ ಆಫೀಸಿಗೆ ಈರಣ್ಣ ಬಂದು ಲಾರಿಯ ಚಾಬಿಯನ್ನು ನನ್ನ ಮೇಜಿನ ಮೇಲಿಟ್ಟ.

"ಇದು ಇಟಗೊಳ್ರಿ ಅಕ್ಕಾರ."

"ಊರಿಗೆ ಹೊಂಟ್ರೇನು?" ಅಂದೆ. ಅವರ ಹೊಲ ಚೋರನೂರಿನಲ್ಲಿದೆ, ಬಿತ್ತನೆಗೆ ಹೊರಟಿರಬೇಕು ಅಂತ ನನ್ನ ಲೆಕ್ಕ.

"ಹೂಂ. ಹಂಗ ತಿಳ್ಕೊಳ್ರಿ." ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಇಷ್ಟು ದಿನ ನಡಿಸ್ಕೊಂಡು ಬಂದ್ರಿ. ಭಾಳ ಉಪಕಾರ ಆತು."

ಇಷ್ಟು ಸಣ್ಣ ರಜೆಗೆ ಇಷ್ಟು ದೊಡ್ಡ ಮಾತು ಯಾಕಪ್ಪಾ ಅನ್ನಿಸಿತು. "ಇರ್ಲಿ ಬಿಡ್ರಿ, ಅದ್ರಾಗೇನೈತಿ" ಅಂದೆ. ಚಾಬಿ ಡ್ರಾಯರಿಗೆ ಹಾಕಿದೆ, ರಜೆ ಅಂತ ಬರೆದೆ.

ಲಾರಿ ನಿಂತೇ ಇತ್ತು. ಕೊನೆಗೆ ಒಂದು ದಿನ ಸಾವ್ಕಾರರು ಬಂದು ಕೇಳಿದರು, "ಆ ಗಾಡಿ ಯಾಕ ನಿಂತೈತಿ? ಈರಣ್ಣ ಎಲ್ಲಿ?"

"ರಜಾದ ಮ್ಯಾಲ ಅದಾರ್ರಿ."

"ನಾಳಿ ಮುಂಜಾನಿ ಬರ್ಲಿಲ್ಲಂದ್ರ ಬೇರೆಯವ್ರನ್ನ ಹತ್ತಸು. ಆಮ್ಯಾಕ ಆ ಮನಷಾ ಬಂದ್ರೂ ಬ್ಯಾಡ. ರಜಾಕ್ಕ ಹೋಗೋ ಮುಂಚೆ ಲಾರಿ ತೂಕ ಹಾಕೋ ಕಟ್ಟಿ ಕಂಬಕ್ಕ ಗಾಡಿ ತಿಕ್ಕಿಸ್ಯಾನ, ಕಣ್ಣಿಗೆ ಕನ್ನಡಕ ಬಂದೈತಿ. ಹೆಂಗೂ ಬಿಡಸಬೇಕಂತಿದ್ದೆ."

ಈರಣ್ಣನನ್ನು ಕರೆದು ಕೊಡಬೇಕು ಅಂತ ಚಾಬಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಅತ್ತಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಹುಲಿಗೆಮ್ಮ ಈಚೆಗೆ ಕಾಣಲೇ ಇಲ್ಲವಲ್ಲ ಅಂದೆ.

"ಹೆಂಗ್ ಬರ್ತಾಳ? ಗಂಡನ ಅನ್ನ ಕಸಗೊಂಡ ಮನಿಗೆ ಹೆಪ್ಪು ಕೇಳಾಕ ಬರ್ತಾರೇನು?"

"ಯಾರು ಕಸಗೊಂಡ್ರು?"

"ನೀನ."

"ನಾನಾ?"

"ಮತ್ತ? ಬ್ಲ್ಯಾಕ್‌ಲಿಸ್ಟಿಗೆ ಹಾಕ್ತೀನಿ ಅಂತ ಓಣಿಗೆಲ್ಲ ಕೇಳಂಗ ಒದರಿದ್ಯಲ್ಲ. ಪಾಪ, ಹೆಸರು ಹಾಕಿಸ್ಕೊಳೋಕಿಂತ ಮುಂಚೆ ತಾನ ಚಾಬಿ ಇಟ್ಟು ಬಂದಾನ. ಕಂಪ್ಲಿ ಅಕ್ಕಿ ಮಿಲ್ಲಿಗೆ ವಾಚ್‌ಮನ್ ಕೆಲಸ ಕೇಳಾಕ ಹೋಗಿದ್ನಂತ. ಇಲ್ಲೆಲ್ಲಾ ಕೆಲಸ ಕೊಡಬ್ಯಾಡ್ರಿ ಅಂತ ನೀನ ಹೇಳಿರ್ತೀ ಅಂದು ಯಾರ್ನೂ ಕೇಳಿಲ್ಲಂತ."

"ಅತ್ತಿ, ನೀವೂ ಅವತ್ತು ಇಲ್ಲೇ ಇದ್ರಲ್ಲ! ಒಂದು ಮಾತು ಕೇಳಬಾರದಾ?"

"ನಿನ್ನ ಆಫೀಸಿನ ವಿಷಯ. ನಾ ಯಾಕ ಬಾಯಿ ಹಾಕ್ಲಿ?"

ಕಂಪ್ಯೂಟರಿನ ಡ್ರೈವರಿಗೆ 'ಕುಂತ್ಬಿಟ್ಟಿರ್ತೈತಿ' ಅನ್ನಬೇಕಿತ್ತು. ನಾನು 'ಕುಂತ್ಬಿಟ್ಟಿರ್ತಾನ' ಅಂದಿದ್ದೆ. ಶಾಲೆಯಲ್ಲಿ ಕನ್ನಡ ಮೇಷ್ಟ್ರು ಪುಲ್ಲಿಂಗ, ನಪುಂಸಕಲಿಂಗ ಅಂತ ಬೆತ್ತ ಮುರಿಯುವ ತನಕ ಹೊಡೆದದ್ದು ಇಂಥ ದಿನಕ್ಕೇ ಇರಬೇಕು. ಒಂದು ಅಕ್ಷರಕ್ಕೆ ಒಬ್ಬ ಮನುಷ್ಯನ ಕೆಲಸ ಹೋಗಿತ್ತು. ಮತ್ತೆ ನಾನು ಬೈದದ್ದಾದರೂ ಏನು? ಕರೆಯೋಕಿಂತ ಮುಂಚೆ ಬಂದು ಕೂರುತ್ತಾನೆ ಅಂತ. ಈರಣ್ಣ ಮಾಡುತ್ತಿದ್ದದ್ದೂ ಅದನ್ನೇ. ದಿನಾ ನಾನು ಹೆಸರು ಕೂಗುವ ಹೊತ್ತಿಗೆ ಕ್ಯಾಬಿನ್ನು ಒರೆಸಿ, ಊದಿನಕಡ್ಡಿ ಹಚ್ಚಿ, ಸೀಟಿನಲ್ಲಿ ಕೂತಿರುತ್ತಿದ್ದ.

ಲ್ಯಾಪ್‌ಟಾಪು, ಕಡ್ಡಿ, ವೈರು ಎಲ್ಲ ಬಗಲಲ್ಲಿ ಹಿಡಿದು ಓಣಿಯ ಕೊನೆಗೆ ನಡೆದೆ. ಲಾರಿ ಚಾಬಿಯೂ ಚೀಲದಲ್ಲಿತ್ತು. ಈರಣ್ಣ ಕಟ್ಟೆಯ ಮೇಲೆ ಕೂತಿದ್ದವನು ಎದ್ದು ನಿಂತ.

"ಬರ್ರಿ ಅಕ್ಕಾರ, ಕುಂದ್ರಿ."

ಹುಲಿಗೆಮ್ಮ ಒಂದು ತಂಬಿಗೆ ನೀರು ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದಳು.

"ಈರಣ್ಣಾ, ನಾ ಬ್ಲ್ಯಾಕ್‌ಲಿಸ್ಟಿಗೆ ಹಾಕಿದ್ದು ನಿಮ್ಮನ್ನಲ್ಲ. ಇದ್ರೊಳಗಿನ ಡ್ರೈವರ್‌ನ" ಅಂದೆ.

ಈರಣ್ಣ ಲ್ಯಾಪ್‌ಟಾಪನ್ನು ಆ ಕಡೆ ಈ ಕಡೆ ನೋಡಿದ. "ಇದ್ರೊಳಗ ಡ್ರೈವರ್ ಅದಾನೇನ್ರಿ?"

"ಅದಾನ."

"ಕಾಣವಲ್ಲ."

"ಕಾಣಂಗಿಲ್ಲ."

"ಸುಳ್ಳಾದ್ರೂ ಒಂದೀಟು ಚಂದಾಗಿ ಹೇಳಬೇಕು ಯಕ್ಕಾ" ಅಂದಳು ಹುಲಿಗೆಮ್ಮ ಒಳಗಿನಿಂದ.

ಬೇರೆ ದಾರಿ ಕಾಣದೆ ಆ ಕಡತವನ್ನೇ ತೆರೆದು ತೋರಿಸಿದೆ. ಕರಿ ಪರದೆ, ಬಿಳಿ ಅಕ್ಷರ, ಒಂದೇ ಸಾಲು. ಅದು ನಾನು ಮಾಡಿದ ದೊಡ್ಡ ತಪ್ಪು. ಈರಣ್ಣನಿಗೆ ಇಂಗ್ಲಿಷು ಓದಲು ಬರುವುದಿಲ್ಲ, ಲಾರಿ ನಂಬರಿನ ಬಿಡಿ ಅಕ್ಷರಗಳಷ್ಟೇ ಗುರ್ತು. ಆದರೆ ನಮ್ಮ ಆಫೀಸಿನ ಬಾಗಿಲ ಮೇಲಿನ ಆ ಒಂದು ಪದ ಮಾತ್ರ ಪ್ರತಿಯೊಬ್ಬ ಡ್ರೈವರಿಗೂ ಗೊತ್ತು. ಕನ್ನಡಕ ಒರೆಸಿ ಹಾಕಿಕೊಂಡು ನೋಡಿದ.

"ಬ್ಲ್ಯಾಕ್‌ಲಿಸ್ಟ್" ಅಂದ. "ಐತಲ್ರಿ."

"ಅದ್ರ ಮುಂದಿಂದು ನೋಡ್ರಿ. ಅದು ನಿಮ್ಮ ಹೆಸರೇನು?"

ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದ. "ಡಿ... ವಿ... ಬಿ..." ಅಲ್ಲಿಗೆ ನಿಂತ. "ನಮ್ಮಪ್ಪ ದ್ಯಾವಪ್ಪ. ಲೈಸೆನ್ಸಿನ್ಯಾಗ ನಾ ಡಿ. ವೀರಣ್ಣ ಅಲ್ಲೇನ್ರಿ."

"ಬಿ ಅಂದ್ರ ಬಳ್ಳಾರಿ" ಅಂದಳು ಒಳಗಿನಿಂದ ಹುಲಿಗೆಮ್ಮ. ಅವಳ ದನಿ ಒಡೆದಿತ್ತು.

ಡಿವಿಬಿ ಅನ್ನೋದು ಆ ಟಿವಿ ಡ್ರೈವರಿನ ಹೆಸರಿನ ಮೊದಲ ಮೂರಕ್ಷರ. ಅಯ್ಯೋ ನನ್ನ ಕರ್ಮವೇ ಅಂತ ಹಣೆ ಬಡಿದುಕೊಂಡೆ. ಆ ಸಾಲನ್ನು ಅವರ ಕಣ್ಣ ಮುಂದೆಯೇ ಅಳಿಸಿದೆ. ಮೆಷಿನ್ ಮತ್ತೆ ಶುರು ಮಾಡಿ ಕಡ್ಡಿ ಚುಚ್ಚಿದೆ. "ಈಗ ನೋಡ್ರಿ, ಅವ್ನು ಬಂದು ಕುಂತ" ಅಂದೆ. ರೇಡಿಯೋ ಒತ್ತಿದೆ, ಬರಲಿಲ್ಲ. ಆಮೇಲೆ ಅವನನ್ನು ಸದ್ಯಕ್ಕೆ ಇಳಿಸುವ ಆಜ್ಞೆ ಒಂದಿದೆ, ಅದನ್ನು ಟೈಪ್ ಮಾಡಿದೆ. "ಈಗ ಇಳದ." ರೇಡಿಯೋ ಒತ್ತಿದೆ, ಹಾಡು ಬಂತು. ಕಡ್ಡಿ ಕಿತ್ತು ಮತ್ತೆ ಚುಚ್ಚಿದೆ. ಮತ್ತೆ ಬಂದು ಕುಂತ, ಹಾಡು ಹೋಯಿತು. ಮತ್ತೆ ಇಳಿಸಿದೆ, ಬಂತು. ಹುಲಿಗೆಮ್ಮ ಹೊಸ್ತಿಲಿಗೆ ಬಂದು ನಿಂತಳು.

"ಇದೇ ಹಾಡು ನನ್ ಫೋನ್‌ನ್ಯಾಗೂ ಬರ್ತೈತಿ" ಅಂದಳು.

"ಬರ್ತೈತಿ ಹುಲಿಗೆಮ್ಮಾ."

"ಇದಕ್ಕ ಇಷ್ಟೆಲ್ಲಾನಾ?"

"ಹೂಂ ಬೇ. ಇದಕ್ಕ ಇಷ್ಟೆಲ್ಲಾ."

ಅವಳಿಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಕಣ್ಣೂ ಒರೆಸಿಕೊಂಡಳು. ನನಗೆ ಹೋದ ಜೀವ ಬಂದಂತಾಯಿತು. ಈರಣ್ಣ ಮಾತ್ರ ನಗಲಿಲ್ಲ. ಪರದೆಯನ್ನೇ ನೋಡುತ್ತಿದ್ದ.

"ಅಕ್ಕಾರ, ಈ ಒಳಗಿನ ಡ್ರೈವರ್ ಏನ್ ತಪ್ಪು ಮಾಡಿದ್ದ?"

"ತಪ್ಪೇನೂ ಮಾಡಿಲ್ರಿ. ಈ ಕಡ್ಡಿ ಮೊದಲು ಟಿವಿಗಂತ ಮಾಡಿದ್ದು. ಅವ್ನು ಟಿವಿ ನಡಸಾವ. ನಂಗ ಬೇಕಾಗಿದ್ದು ರೇಡಿಯೋ. ಅವ್ನಿಗೇನ್ ಗೊತ್ತು? ಕಡ್ಡಿ ಚುಚ್ಚಿದ ಕೂಡ್ಲೆ ಡ್ಯೂಟಿ ಬಂತು ಅಂತ ಓಡಿ ಬರ್ತಾನ."

"ಕರಿಯೋಕಿಂತ ಮುಂಚೆ."

"ಹೂಂ."

"ಕರದಾಗ ತಡ ಆಗಬಾರ್ದಂತ."

"ಹೂಂ."

"ಅದಕ್ಕ ಬ್ಲ್ಯಾಕ್‌ಲಿಸ್ಟ್" ಅಂದ ಈರಣ್ಣ.

ನಾಚಿಕೆಯಾಯಿತು. ಚೀಲದಿಂದ ಚಾಬಿ ತೆಗೆದು ಕೊಟ್ಟೆ. ರಜೆ ಅಂತ ಬರೆದಿದ್ದೇನೆ, ಸಾವ್ಕಾರರಿಗೆ ಬೇರೆ ಏನೂ ಗೊತ್ತಿಲ್ಲ, ನಾಳೆ ಮುಂಜಾನೆ ಮಾತ್ರ ತಪ್ಪಿಸಬೇಡಿ ಅಂದೆ. ಅವನು ಚಾಬಿಯನ್ನು ಎರಡೂ ಕೈಯಲ್ಲಿ ತೊಗೊಂಡ.

ಮುಂಜಾನೆ ನಾನು ಆಫೀಸು ಮುಟ್ಟುವಷ್ಟರಲ್ಲಿ ಊದಿನಕಡ್ಡಿ ಅರ್ಧ ಉರಿದಿತ್ತು. ಸಾವ್ಕಾರರು ಬಂದರು, ಲಾರಿ ನೋಡಿದರು, ನನ್ನನ್ನು ನೋಡಿದರು. "ಬಂದ್ನೇನು?" ಅಂದರು. "ಯಾವಾಗ್ಲೋ ಬಂದಾರ್ರಿ, ಕುಂತಾರ" ಅಂದೆ. ಅವರು ಏನೋ ಅನ್ನಲು ಬಾಯಿ ತೆರೆದು, ಲೋಡಿಂಗಿಗೆ ತಡ ಆಯ್ತು ಅಂತ ಬೇರೆಯವರನ್ನು ಬೈಯಲು ಹೋದರು.

ಆ ಸಾಲನ್ನು ನಾನು ತಿರುಗಿ ಬರೆಯಲಿಲ್ಲ. ಹಾಗಾಗಿ ಈಗಲೂ ರೇಡಿಯೋ ಕೇಳಬೇಕು ಅಂದಾಗೆಲ್ಲ ಕಡ್ಡಿ ಚುಚ್ಚುತ್ತೇನೆ, ಹಳೇ ಡ್ರೈವರ್ ಓಡಿಬಂದು ಕೂರುತ್ತಾನೆ, ಆಜ್ಞೆ ಟೈಪ್ ಮಾಡಿ ಇಳಿಸುತ್ತೇನೆ, ಆಮೇಲೆ ಸುಯ್ ಅಂತ ಕೇಳುತ್ತೇನೆ. ಮರುದಿನ ಮತ್ತೆ ಅದೇ. ಅವನಿಗೂ ಬೇಸರ ಇಲ್ಲ. ಮೊನ್ನೆ ಗೌತಮ ಬಂದವನು ಇದನ್ನು ನೋಡಿ ತಲೆ ಚಚ್ಚಿಕೊಂಡ.

"ಒಂದು ಸಾಲು ಬರದ್ರ ಕಾಯಂ ಮುಗೀತಿತ್ತಲ್ಲ ಯಕ್ಕಾ. ದಿನಾ ಯಾಕ ಇಳಿಸ್ಕೊಂತ ಕುಂದರ್ತಿ?"

"ಇರ್ಲಿ ಬಿಡಲೇ" ಅಂದೆ. "ಅವಂದೇನೂ ತಪ್ಪಿಲ್ಲ."